ಬಾಯಿಪಾಠದ ಪ್ರಾರ್ಥನೆ ಯಾವಾಗ ನಮ್ಮದಾಗುತ್ತದೆ?

ನನ್ನ ಮೊದಲ ಪಾಪನಿವೇದನೆಗೆ, ಅಂದರೆ ಚರ್ಚಿನಲ್ಲಿ ಪಾದ್ರಿ ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವುದಕ್ಕೆ, ಮೂರು ಪಾಪಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಸುಳ್ಳು ಹೇಳಿದೆ. ತಂಗಿಯ ಜೊತೆ ಜಗಳ ಆಡಿದೆ. ಅಪ್ಪ ಅಮ್ಮನ ಮಾತು ಕೇಳಲಿಲ್ಲ. ಸಾಲಿನಲ್ಲಿ ನಿಂತು ಬೆರಳು ಮಡಚಿ ಮಡಚಿ ಎಣಿಸುತ್ತಿದ್ದೆ, ಒಂದೂ ಮರೆಯಬಾರದಲ್ಲ. ಮರದ ಜಾಲರಿಯ ಆಚೆ ಗುರುಗಳು ಕೂತಿದ್ದರು. ಹೇಳಿ ಮುಗಿಸಿದೆ, ಪ್ರಾಯಶ್ಚಿತ್ತಕ್ಕೆ ಮೂರು ಜಪ ಕೊಟ್ಟರು, ಹೊರಗೆ ಬಂದೆ. ಮುಂದಿನ ತಿಂಗಳೂ ಅದೇ ಮೂರು. ಹದಿನೈದು ವರ್ಷ ತುಂಬಿದಾಗಲೂ ಅದೇ ಮೂರು. ಅಷ್ಟರಲ್ಲಿ ನನ್ನ ತಪ್ಪುಗಳೆಲ್ಲ ಬದಲಾಗಿದ್ದವು. ಪಟ್ಟಿ ಮಾತ್ರ ಬದಲಾಗಿರಲಿಲ್ಲ.

ಕಥೋಲಿಕ ಮನೆಯಲ್ಲಿ ಬೆಳೆದ ಬಹಳ ಜನರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬರುತ್ತದೆ: ನಾನು ಇದನ್ನೆಲ್ಲ ನಂಬಿ ಮಾಡ್ತಿದ್ದೀನಾ, ಅಥವಾ ಸುಮ್ನೆ ಅಭ್ಯಾಸ ಆಗಿದೆ ಅಂತ ಮಾಡ್ತಿದ್ದೀನಾ? ಮನೆಯವರನ್ನು ಕೇಳಿದರೆ, "ಹೋಗ್ತಾ ಇರು, ತಾನಾಗೇ ನಂಬಿಕೆ ಬರುತ್ತೆ" ಅನ್ನುತ್ತಾರೆ. ಗೆಳೆಯರನ್ನು ಕೇಳಿದರೆ, "ನಂಬಿಕೆ ಇಲ್ಲ ಅಂದ್ಮೇಲೆ ಯಾಕೆ ಹೋಗ್ತೀಯ, ಅದು ನಾಟಕ ಅಲ್ವಾ?" ಅನ್ನುತ್ತಾರೆ. ಎರಡು ಮಾತಿನಲ್ಲೂ ಸ್ವಲ್ಪ ನಿಜ ಇದೆ. ಆದರೆ ಆಚರಣೆ ಬೇರೆ, ವಿಶ್ವಾಸ ಬೇರೆ ಎಂದು ನಡುವೆ ಗೆರೆ ಎಳೆಯುವುದು ನಾವು ಅಂದುಕೊಂಡಷ್ಟು ಸುಲಭ ಅಲ್ಲ. ಧರ್ಮಸಭೆಯೇ, ಅಂದರೆ ಕಥೋಲಿಕ ಚರ್ಚೇ, ಈ ವಿಷಯವನ್ನು ಶತಮಾನಗಳಿಂದ ಯೋಚಿಸಿದೆ. ಆ ಯೋಚನೆ ಚರ್ಚಿಗೆ ದಿನಾ ಹೋಗುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಮೊದಲು ಈ ಬೆಳವಣಿಗೆ ಹೇಗೆ ನಡೆಯುತ್ತದೆ ಅಂತ ನೋಡೋಣ. ಕಥೋಲಿಕ ಮಗುವಿಗೆ ವಿಶ್ವಾಸಕ್ಕಿಂತ ಮೊದಲು ಆಚರಣೆ ಸಿಗುತ್ತದೆ. ಹುಟ್ಟಿದ ಕೆಲವು ವಾರಗಳಲ್ಲೇ, ತಲೆಗೆ ನೀರು ಸುರಿದು ಧರ್ಮಸಭೆಗೆ ಸೇರಿಸಿಕೊಳ್ಳುವ ಜ್ಞಾನಸ್ನಾನ. ಅಲ್ಲಿ ಗುರುಗಳು ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಡುವವರು ತಂದೆತಾಯಿ ಮತ್ತು ಜ್ಞಾನಪೋಷಕರು. ಮಗು ನಿದ್ದೆ ಮಾಡುತ್ತಿರುತ್ತದೆ, ಇಲ್ಲವೇ ತಣ್ಣೀರು ಬಿದ್ದು ಅಳುತ್ತಿರುತ್ತದೆ. ಆದರೆ 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಒಂದು ಷರತ್ತಿದೆ. ಈ ಮಗು ವಿಶ್ವಾಸದಲ್ಲಿ ಬೆಳೆಯುತ್ತದೆ ಎನ್ನುವುದಕ್ಕೆ ಆಧಾರ ಇರುವ ಭರವಸೆ ಬೇಕು. ಅದು ಪೂರ್ತಿ ಇಲ್ಲದಿದ್ದರೆ ಜ್ಞಾನಸ್ನಾನವನ್ನು ಮುಂದಕ್ಕೆ ಹಾಕಬೇಕು. ಅಂದರೆ ನೀರು ಸುರಿದರೆ ಕೆಲಸ ಮುಗಿಯಿತು ಎಂದು ಕಾನೂನೂ ಹೇಳುವುದಿಲ್ಲ.

ಆಮೇಲೆ ಏಳನೇ ವಯಸ್ಸು. ಆ ಹೊತ್ತಿಗೆ ಮಗುವಿಗೆ ವಿವೇಕ ಬಂದಿದೆ ಎಂದು ಧರ್ಮಸಭೆ ಎಣಿಸುತ್ತದೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹೀಗಿರಲಿಲ್ಲ. ಬಹಳ ಕಡೆ ಮಕ್ಕಳು ಮೊದಲ ಪರಮಪ್ರಸಾದಕ್ಕೆ (ಕ್ರಿಸ್ತರ ದೇಹವೆಂದು ನಂಬಿ ಸ್ವೀಕರಿಸುವ ರೊಟ್ಟಿಗೆ) ಹತ್ತು, ಹನ್ನೆರಡು, ಕೆಲವೊಮ್ಮೆ ಹದಿನಾಲ್ಕು ವರ್ಷದವರೆಗೆ ಕಾಯಬೇಕಿತ್ತು. 1910ರಲ್ಲಿ ಪೋಪ್ ಹತ್ತನೇ ಪಿಯುಸ್ ಅದನ್ನು ಸುಮಾರು ಏಳಕ್ಕೆ ಇಳಿಸಿದರು. ಮಗುವಿಗೆ ಧರ್ಮೋಪದೇಶವೆಲ್ಲ ಬಾಯಿಗೆ ಬರಬೇಕಿಲ್ಲ ಎಂದರು. ಈ ರೊಟ್ಟಿ ಮಾಮೂಲಿ ರೊಟ್ಟಿ ಅಲ್ಲ ಎನ್ನುವ ವ್ಯತ್ಯಾಸ ತಿಳಿದರೆ ಸಾಕು. ನನಗೆ ಈ ತೀರ್ಮಾನ ತುಂಬಾ ಇಷ್ಟ. ಪೂರ್ತಿ ಅರ್ಥ ಮಾಡಿಕೊಂಡು ಆಮೇಲೆ ಬಾ ಎನ್ನುವ ಬದಲು, ಬಾ, ನಿಧಾನಕ್ಕೆ ಅರ್ಥ ಆಗುತ್ತೆ ಎಂದ ಹಾಗಿದೆ. ಅಪಾಯವೂ ಅಲ್ಲೇ ಇದೆ. ಬಂದ ಮೇಲೆ ಅರ್ಥ ಮಾಡಿಸುವ ಕೆಲಸವನ್ನು ಯಾರೂ ಮಾಡದೆ ಹೋಗಬಹುದು.

ಹೀಗೆ ಪ್ರಶ್ನೆ ಕೇಳುವ ವಯಸ್ಸು ಬರುವ ಹೊತ್ತಿಗೆ ಆಚರಣೆ ಮೈಗೆ ಇಳಿದುಬಿಟ್ಟಿರುತ್ತದೆ. ಯಾವಾಗ ಮಂಡಿಯೂರಬೇಕು, ಯಾವಾಗ ಏಳಬೇಕು ಎಂದು ಯೋಚಿಸಬೇಕಿಲ್ಲ, ಕಾಲಿಗೇ ಗೊತ್ತು. ಇದಕ್ಕೊಂದು ಒಳ್ಳೆ ಉದಾಹರಣೆ ಇದೆ. 2011ರ ಕೊನೆಗೆ ಬಲಿಪೂಜೆಯ, ಅಂದರೆ ಚರ್ಚಿನ ಮುಖ್ಯ ಆರಾಧನೆಯ, ಇಂಗ್ಲಿಷ್ ಅನುವಾದ ಹಲವು ದೇಶಗಳಲ್ಲಿ ಬದಲಾಯಿತು. ಗುರುಗಳು ಪ್ರಭು ನಿಮ್ಮೊಡನಿರಲಿ ಎಂದಾಗ, "ನಿಮ್ಮೊಂದಿಗೂ" ಎನ್ನುವ ಬದಲು "ನಿಮ್ಮ ಆತ್ಮದೊಂದಿಗೂ" ಎಂದು ಹೇಳಬೇಕಾಯಿತು. ಬದಲಾದದ್ದು ಒಂದೆರಡು ಪದ. ಆದರೂ ಜನರ ಬಾಯಲ್ಲಿ ಹಳೆಯದೇ ಬರುತ್ತಿತ್ತು. ಮನಸ್ಸು ಎಚ್ಚರವಾಗುವ ಮೊದಲೇ ನಾಲಿಗೆ ಉತ್ತರ ಕೊಟ್ಟಾಗಿತ್ತು. ಆಗ ಎಷ್ಟೋ ಜನ ಹಲವು ವರ್ಷಗಳಲ್ಲಿ ಮೊದಲ ಸಲ ಆ ಸಾಲನ್ನು ಕಣ್ಣಿಟ್ಟು ಓದಿದರು. ಅಭ್ಯಾಸ ಎಷ್ಟು ಆಳಕ್ಕೆ ಹೋಗಿರುತ್ತದೆ ಎನ್ನುವುದು ಅದು ಮುಗ್ಗರಿಸಿದಾಗಲೇ ಗೊತ್ತಾಗುವುದು.

ಇನ್ನು ನಿಯಮಗಳು. ಭಾನುವಾರ ಬಲಿಪೂಜೆಗೆ ಹೋಗಬೇಕು. ಘೋರ ಪಾಪ ಮಾಡಿದ್ದರೆ ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕು. ವರ್ಷಕ್ಕೆ ಒಮ್ಮೆಯಾದರೂ ಪರಮಪ್ರಸಾದ ಸ್ವೀಕರಿಸಬೇಕು. ಮಾಂಸ ಬಿಡುವ ನಿಯಮ 14 ತುಂಬಿದವರಿಗೆ, ಉಪವಾಸದ ನಿಯಮ 18 ತುಂಬಿದವರಿಂದ 59ರವರೆಗೆ. ಇಷ್ಟು ಓದಿದರೆ ಯಾರಿಗಾದರೂ ಇದು ಬರೀ ಹಾಜರಿ ಪುಸ್ತಕ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಈ ನಿಯಮಗಳು ಹುಟ್ಟಿದ ರೀತಿ ನೋಡಿದಾಗ ಅಭಿಪ್ರಾಯ ಬದಲಾಯಿತು. ವರ್ಷಕ್ಕೊಮ್ಮೆ ಎನ್ನುವ ನಿಯಮ 1215ರಲ್ಲಿ ಬಿಷಪರು ಸೇರಿದ್ದ ನಾಲ್ಕನೇ ಲ್ಯಾಟರನ್ ಮಹಾಸಭೆಯದು. ಆಗ ಎಷ್ಟೋ ಜನ ಪರಮಪ್ರಸಾದದ ಹತ್ತಿರ ಸುಳಿಯುವುದನ್ನೇ ಬಿಟ್ಟಿದ್ದರು. ದೂರ ಹೋದವರನ್ನು ಕನಿಷ್ಠ ಒಂದು ಸಲವಾದರೂ ಒಳಗೆ ಕರೆಯುವ ಪ್ರಯತ್ನ ಅದು. ಅದು ಕೆಳಗಿನ ಗೆರೆ, ಮೇಲಿನ ಗುರಿ ಅಲ್ಲ. ತಲೆಮಾರು ಕಳೆದಂತೆ ಕೆಳಗಿನ ಗೆರೆಯೇ ಗುರಿಯಾಗಿಬಿಡುತ್ತದೆ, ತೊಂದರೆ ಶುರುವಾಗುವುದು ಆಗ.

ಭಾನುವಾರದ ಕತೆ ಇನ್ನೂ ದೊಡ್ಡದು. 304ನೇ ಇಸವಿ, ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಕಾಲ. ಕ್ರೈಸ್ತರು ಒಟ್ಟು ಸೇರಿದರೆ ಮರಣದಂಡನೆ. ಉತ್ತರ ಆಫ್ರಿಕಾದ ಅಬಿಟಿನೆ ಎಂಬ ಊರಿನಲ್ಲಿ ಭಾನುವಾರ ಸೇರಿದ್ದ 49 ಜನರನ್ನು ಹಿಡಿದರು. ಆಜ್ಞೆ ಮೀರಿ ಯಾಕೆ ಇವರನ್ನು ಮನೆಯೊಳಗೆ ಬಿಟ್ಟೆ ಎಂದು ಅವರಲ್ಲೊಬ್ಬನಾದ ಎಮೆರಿತುಸ್ ಎಂಬವನನ್ನು ಕೇಳಿದಾಗ ಅವನು ಕೊಟ್ಟ ಉತ್ತರ ಇಷ್ಟೇ: ಪ್ರಭುವಿನ ದಿನ ಇಲ್ಲದೆ ನಮಗೆ ಆಗುವುದಿಲ್ಲ. ಅವರೆಲ್ಲ ಪ್ರಾಣ ಕೊಟ್ಟರು. ಆಗ ಭಾನುವಾರ ಹೋಗಲೇಬೇಕು ಎಂದು ಇಡೀ ಧರ್ಮಸಭೆಗೆ ಅನ್ವಯಿಸುವ ಲಿಖಿತ ಕಾನೂನು ಇರಲಿಲ್ಲ. ಅದು ಬಂದದ್ದು 1917ರ ಕಾನೂನು ಸಂಹಿತೆಯಲ್ಲಿ, ಅಂದರೆ ಸಾವಿರದ ಆರುನೂರು ವರ್ಷಗಳ ನಂತರ. "ಇಲ್ಲದೆ ಆಗುವುದಿಲ್ಲ" ಎಂದಿದ್ದು "ಬಾರದೆ ಇರುವಂತಿಲ್ಲ" ಎಂದಾಯಿತು. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸುವಾಗ ನಾವು ಎರಡನೆಯದನ್ನಷ್ಟೇ ಹೇಳುತ್ತೇವೆ. ಅಬಿಟಿನೆಯ ಕತೆಯನ್ನು ನನಗೆ ಧರ್ಮೋಪದೇಶದ ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಚೆನ್ನಾಗಿರುತ್ತಿತ್ತು.

ಈಗ ವಿಷಯದ ತಿರುಳಿಗೆ ಬರೋಣ. ಮನಸ್ಸಿಲ್ಲದೆ ಮಾಡಿದ ಆಚರಣೆಗೆ ಬೆಲೆ ಇದೆಯಾ? ಕಥೋಲಿಕ ಉತ್ತರ ಎರಡು ಭಾಗದ್ದು, ಮತ್ತು ಜನ ಸಾಮಾನ್ಯವಾಗಿ ಮೊದಲ ಭಾಗವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. 1547ರಲ್ಲಿ ಟ್ರೆಂಟ್ ಮಹಾಸಭೆ, ಜ್ಞಾನಸ್ನಾನ, ಪಾಪನಿವೇದನೆ, ಪರಮಪ್ರಸಾದದಂಥ ಸಂಸ್ಕಾರಗಳು ಒಟ್ಟು ಏಳು ಎಂದು ಖಚಿತಪಡಿಸಿತು. ಸಂಸ್ಕಾರ ಫಲ ಕೊಡುವುದು ಆ ಸಂಸ್ಕಾರದ ಬಲದಿಂದಲೇ, ಅದನ್ನು ನಡೆಸುವ ಗುರುವಿನ ಒಳ್ಳೆಯತನದಿಂದ ಅಲ್ಲ ಎಂದೂ ಹೇಳಿತು. ಇದರ ಬೇರು ಇನ್ನೂ ಹಳೆಯದು. ಕೆಟ್ಟ ಗುರು ಕೊಟ್ಟ ಜ್ಞಾನಸ್ನಾನ ಲೆಕ್ಕಕ್ಕಿಲ್ಲ ಎಂದು ಡೊನಾಟಿಸ್ಟರು ಎಂಬ ಕ್ರೈಸ್ತ ಪಂಗಡದವರು ವಾದಿಸಿದಾಗ, ಜ್ಞಾನಸ್ನಾನ ಕೊಡುವವರು ನಿಜವಾಗಿ ಕ್ರಿಸ್ತರೇ ಎಂದು ಸಂತ ಅಗಸ್ಟೀನ್ ಉತ್ತರಿಸಿದ್ದರು. ಇದು ವಿಶ್ವಾಸಿಗೆ ದೊಡ್ಡ ಸಮಾಧಾನ. ಗುರುಗಳ ಯೋಗ್ಯತೆಯನ್ನು ಅಳೆದು ನೋಡಿ ಪರಮಪ್ರಸಾದಕ್ಕೆ ಹೋಗಬೇಕಿಲ್ಲ.

ಎರಡನೇ ಭಾಗ ಹೀಗಿದೆ: ಸಂಸ್ಕಾರದ ಫಲ ಸ್ವೀಕರಿಸುವವರ ಮನಸ್ಸಿನ ಸ್ಥಿತಿಯನ್ನೂ ಅವಲಂಬಿಸಿದೆ. ಧರ್ಮಸಭೆಯ ಬೋಧನೆಯನ್ನು ಒಟ್ಟುಗೂಡಿಸಿದ 1992ರ ಧರ್ಮೋಪದೇಶ ಗ್ರಂಥ ಇದನ್ನು ಮೊದಲ ಭಾಗದ ಜೊತೆಗೇ, ಅದೇ ಜಾಗದಲ್ಲಿ ಹೇಳುತ್ತದೆ. ಕೃಪೆ ಬರುವುದು ನಮ್ಮ ಕೈಲಿಲ್ಲ, ಅದು ಬಂದೇ ಬರುತ್ತದೆ. ಆದರೆ ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ ಆದರೆ ಒಂದು ಹನಿಯೂ ಒಳಗೆ ಇಳಿಯುವುದಿಲ್ಲ. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಾಧನಾ ವಿಧಿಯ ಬಗ್ಗೆ ಹೊರಡಿಸಿದ ದಾಖಲೆಯ ಕಾಳಜಿಯೂ ಇದೇ. ಜನ ತಿಳಿದು, ಮನಸ್ಸಿಟ್ಟು, ಪೂರ್ತಿಯಾಗಿ ಪಾಲ್ಗೊಳ್ಳಬೇಕು, ವಿಧಿಗಳನ್ನು ಸರಿಯಾಗಿ ನಡೆಸಿಬಿಟ್ಟರೆ ಸಾಲದು ಎಂದು ಅದು ಹೇಳಿತು. ಲ್ಯಾಟಿನ್ ಜಾಗಕ್ಕೆ ನಮ್ಮ ನಮ್ಮ ಭಾಷೆಗಳು ಬಂದದ್ದು ಅದರ ನಂತರ.

ಹಾಗಾದರೆ ಅದಕ್ಕೂ ಮೊದಲು, ಲ್ಯಾಟಿನ್ ಪೂಜೆ ಒಂದಕ್ಷರ ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ಜಪಸರ ಎಣಿಸುತ್ತಾ ಕೂರುತ್ತಿದ್ದ ಅಜ್ಜಿಯರ ಪ್ರಾರ್ಥನೆ? ಅದು ಬರೀ ಅಭ್ಯಾಸವಾ? ಹದಿಮೂರನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಇದಕ್ಕೆ ಮುಂಚೆಯೇ ಉತ್ತರ ಕೊಟ್ಟಿದ್ದಾರೆ. ಬಾಯಲ್ಲಿ ಹೇಳುವ ಪ್ರಾರ್ಥನೆಗೆ ಮೂರು ಬಗೆಯಲ್ಲಿ ಗಮನ ಕೊಡಬಹುದು ಎನ್ನುತ್ತಾರೆ ಅವರು. ಪದ ತಪ್ಪದಂತೆ ನೋಡಿಕೊಳ್ಳುವುದು ಒಂದು. ಪದದ ಅರ್ಥದ ಮೇಲೆ ಮನಸ್ಸಿಡುವುದು ಇನ್ನೊಂದು. ಯಾರ ಹತ್ತಿರ ಪ್ರಾರ್ಥಿಸುತ್ತಿದ್ದೇವೋ ಆ ದೇವರ ಕಡೆಗೆ ಮನಸ್ಸು ತಿರುಗಿಸುವುದು ಮೂರನೆಯದು. ಬಹಳ ಮುಖ್ಯವಾದದ್ದು ಮೂರನೆಯದು, ಮತ್ತು ಓದು ಬರಹ ಬಾರದವರಿಗೂ ಅದು ಸಾಧ್ಯ. ಇದನ್ನು ಓದಿದ ದಿನ ನನಗೆ ನನ್ನ ಅಜ್ಜಿಯ ಹೆಬ್ಬೆರಳು ನೆನಪಾಯಿತು. ಮಣಿ ಉಜ್ಜಿ ಉಜ್ಜಿ ಅದರ ತುದಿ ನುಣ್ಣಗಾಗಿತ್ತು. ನಡುವೆ ಯಾರಾದರೂ ಕರೆದರೆ, ಎಣಿಸುತ್ತಿದ್ದ ಮಣಿಯನ್ನು ಹಾಗೇ ಹಿಡಿದು ಮಾತಾಡಿ, ಮತ್ತೆ ಅದೇ ಮಣಿಯಿಂದ ಮುಂದುವರಿಸುತ್ತಿದ್ದರು. ಅದು ಯಂತ್ರದ ಕೆಲಸ ಅಂತ ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ. ಅವರು ಯಾರ ಜೊತೆ ಮಾತಾಡುತ್ತಿದ್ದೇನೆ ಎನ್ನುವುದನ್ನು ಒಂದು ಕ್ಷಣವೂ ಬಿಟ್ಟಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಅಕ್ವಿನಾಸ್ ಇನ್ನೊಂದು ಮಾತೂ ಹೇಳುತ್ತಾರೆ. ಶುರುವಿನಲ್ಲಿ ನಿಜವಾದ ಉದ್ದೇಶದಿಂದ ಪ್ರಾರ್ಥನೆಗೆ ನಿಂತು, ನಡುವೆ ಮನಸ್ಸು ಬೇಕಂತಲೇ ಅಲ್ಲದೆ ಎಲ್ಲೋ ಅಲೆದರೆ, ಪ್ರಾರ್ಥನೆಯ ಪುಣ್ಯ ಹಾಳಾಗುವುದಿಲ್ಲ. ಧರ್ಮೋಪದೇಶ ಗ್ರಂಥವೂ ಅಲೆಯುವ ಮನಸ್ಸಿನ ಹಿಂದೆ ಓಡಬೇಡಿ, ಸುಮ್ಮನೆ ಮತ್ತೆ ಹೃದಯಕ್ಕೆ ಮರಳಿ ಎನ್ನುತ್ತದೆ.

ಸಂತರಿಗೂ ಇದೇ ಕಷ್ಟ ಇತ್ತು. ಅವಿಲಾದ ಸಂತ ತೆರೇಸಾ 1535ರಲ್ಲಿ, ಇಪ್ಪತ್ತನೇ ವಯಸ್ಸಿಗೆ ಮಠ ಸೇರಿದವರು. ಪ್ರಾರ್ಥನೆಯ ಬಗ್ಗೆ ಅವರಷ್ಟು ಆಳವಾಗಿ ಬರೆದವರು ಕಡಿಮೆ. ಅದೇ ತೆರೇಸಾ ತಮ್ಮ ಆತ್ಮಕತೆಯಲ್ಲಿ, ಕೆಲವು ವರ್ಷ ಪ್ರಾರ್ಥನೆಗೆ ಕೂತಾಗ ಗಂಟೆ ಯಾವಾಗ ಹೊಡೆಯುತ್ತದೆ ಎಂದು ಕಾಯುತ್ತಿದ್ದೆ ಎಂದು ಬರೆದಿದ್ದಾರೆ. ಫ್ರಾನ್ಸಿನ ಲಿಸ್ಯೂವಿನ ಸಂತ ತೆರೇಸಾಗೆ ಜಪಸರ ಒಬ್ಬಳೇ ಹೇಳುವುದು ದೊಡ್ಡ ಹಿಂಸೆಯಾಗಿತ್ತು. ಎಷ್ಟು ಪ್ರಯತ್ನಪಟ್ಟರೂ ಮನಸ್ಸು ನಿಲ್ಲುತ್ತಿರಲಿಲ್ಲ ಎಂದು ಒಪ್ಪಿಕೊಂಡಿದ್ದಾರೆ. ಪ್ರಾರ್ಥನೆಯ ಹೊತ್ತಿನಲ್ಲಿ ನಿದ್ದೆಯೂ ಬರುತ್ತಿತ್ತು. 24ನೇ ವಯಸ್ಸಿಗೆ ತೀರಿಕೊಂಡ ಇವರನ್ನು ಧರ್ಮಸಭೆ 1997ರಲ್ಲಿ ತನ್ನ ಪಂಡಿತರ ಸಾಲಿಗೆ ಸೇರಿಸಿತು. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಹೊರಬಂದಾಗ, ಸುಮಾರು ಐವತ್ತು ವರ್ಷ ಅವರಿಗೆ ದೇವರ ಇರವು ಅನುಭವಕ್ಕೇ ಬರುತ್ತಿರಲಿಲ್ಲ ಎಂದು ಜಗತ್ತಿಗೆ ತಿಳಿಯಿತು. ಆ ಎಲ್ಲ ವರ್ಷ ಅವರು ದಿನಾ ಬೆಳಿಗ್ಗೆ ಎದ್ದು ಪೂಜೆಗೆ ಹೋಗುತ್ತಿದ್ದರು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ವೈಯಕ್ತಿಕ ವಿಶ್ವಾಸ ಎಂದರೆ ಭಾವನೆ ಉಕ್ಕುವುದು ಎಂದು ನಾವು ತಿಳಿದಿದ್ದೇವೆ. ಕಣ್ಣಲ್ಲಿ ನೀರು ಬಂದರೆ ವಿಶ್ವಾಸ, ಬರದಿದ್ದರೆ ಬರೀ ಅಭ್ಯಾಸ. ಈ ಅಳತೆ ಹಿಡಿದರೆ ಮದರ್ ತೆರೇಸಾಗೆ ವಿಶ್ವಾಸವೇ ಇರಲಿಲ್ಲ ಎನ್ನಬೇಕಾಗುತ್ತದೆ. ಭಾವನೆ ಬರುತ್ತದೆ, ಹೋಗುತ್ತದೆ. ವಿಶ್ವಾಸ ಎಂದರೆ ಒಬ್ಬರಿಗೆ ಕೊಟ್ಟ ಮಾತು, ಅದನ್ನು ನಡೆಸಿಕೊಂಡು ಹೋಗುವುದು. ಭಾವನೆ ಇಲ್ಲದ ದಿನ ಆ ಮಾತನ್ನು ಎತ್ತಿ ಹಿಡಿಯುವುದು ದಿನಚರಿಯೇ.

ಯೇಸುಸ್ವಾಮಿಯ ಬದುಕಿನಲ್ಲೂ ಇದನ್ನು ನೋಡಬಹುದು. "ಈ ಜನ ತುಟಿಗಳಿಂದ ನನ್ನನ್ನು ಗೌರವಿಸುತ್ತಾರೆ, ಇವರ ಹೃದಯ ನನ್ನಿಂದ ದೂರ" ಎಂಬ ಯೆಶಾಯನ ಮಾತನ್ನು ಅವರು ಎತ್ತಿ ಹೇಳಿದ್ದನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಅರ್ಥವಿಲ್ಲದ ಮಾತುಗಳನ್ನು ಸುಮ್ಮನೆ ಹೇಳುತ್ತಾ ಹೋಗಬೇಡಿ ಎಂದದ್ದೂ ನೆನಪಿದೆ. ಆದರೆ ಲೂಕನ ಶುಭಸಂದೇಶದ ನಾಲ್ಕನೇ ಅಧ್ಯಾಯ ಓದಿ. ಅವರು ಸಬ್ಬತ್ ದಿನ ಪ್ರಾರ್ಥನಾಮಂದಿರಕ್ಕೆ "ವಾಡಿಕೆಯಂತೆ" ಹೋದರು ಎಂದು ಅಲ್ಲಿದೆ. ವಾಡಿಕೆ! ಅವರೂ ವಾರ ವಾರ ಹೋಗುತ್ತಿದ್ದರು. ಗೆತ್ಸೆಮನೆ ತೋಟದಲ್ಲಿ, ಸಾಯುವ ಹಿಂದಿನ ರಾತ್ರಿ, ಮೂರನೇ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದರು ಎಂದು ಮತ್ತಾಯ ಬರೆಯುತ್ತಾನೆ. ಪದಗಳನ್ನು ಮತ್ತೆ ಮತ್ತೆ ಹೇಳುವುದೇ ತಪ್ಪಾಗಿದ್ದರೆ ಆ ರಾತ್ರಿ ಅವರು ಹೊಸ ಪದ ಹುಡುಕುತ್ತಿದ್ದರು.

ಮನಃಶಾಸ್ತ್ರಜ್ಞರೂ ಇದನ್ನು ಬೇರೆ ದಾರಿಯಿಂದ ನೋಡಿದ್ದಾರೆ. ಗಾರ್ಡನ್ ಆಲ್‌ಪೋರ್ಟ್ ಮತ್ತು ಮೈಕೆಲ್ ರಾಸ್ 1967ರಲ್ಲಿ ಚರ್ಚಿಗೆ ಹೋಗುವವರನ್ನು ಅಧ್ಯಯನ ಮಾಡಿ ಎರಡು ಬಗೆ ಗುರುತಿಸಿದರು. ಸಮಾಜದಲ್ಲಿ ಗೌರವ, ನೆಂಟಸ್ತನ, ನೆಮ್ಮದಿ ಇವುಗಳಿಗಾಗಿ ಧರ್ಮವನ್ನು ಬಳಸುವವರು ಒಂದು ಕಡೆ. ಧರ್ಮವನ್ನೇ ಬದುಕುವವರು ಇನ್ನೊಂದು ಕಡೆ. ಬೇರೆಯವರ ಬಗ್ಗೆ ಪೂರ್ವಗ್ರಹ ಜಾಸ್ತಿ ಕಂಡದ್ದು ಮೊದಲನೆಯವರಲ್ಲಿ. 1970ರ ದಶಕದಲ್ಲಿ ಡೇನಿಯಲ್ ಬ್ಯಾಟ್ಸನ್ ಮೂರನೇ ಬಗೆಯೊಂದನ್ನು ಸೇರಿಸಿದರು. ಅದು ಪ್ರಶ್ನೆ ಕೇಳುತ್ತಾ, ಅನುಮಾನವನ್ನೂ ಜೊತೆಗಿಟ್ಟುಕೊಂಡು ಹುಡುಕುವವರದು. ಈ ಮೂರನೆಯದು ನನಗೆ ಮುಖ್ಯ. ಮನೆಯಲ್ಲಿ ಹದಿನಾರರ ಹುಡುಗಿ "ನನಗೆ ಇದ್ಯಾವುದೂ ನಿಜ ಅನ್ನಿಸ್ತಿಲ್ಲ" ಎಂದರೆ ನಾವು ಗಾಬರಿಯಾಗುತ್ತೇವೆ. ಅವಳು ವಿಶ್ವಾಸ ಕಳೆದುಕೊಂಡಳು ಅಂದುಕೊಳ್ಳುತ್ತೇವೆ. ಬಹುಶಃ ಅವಳು ಮೊದಲ ಸಲ ಆ ಪದಗಳನ್ನು ಕಿವಿಗೊಟ್ಟು ಕೇಳಿದ್ದಾಳೆ.

ದಿನಚರಿ ಕೆಡುವುದು ಎಲ್ಲಿ? ನನ್ನ ಪ್ರಕಾರ ಎರಡು ಕಡೆ. ಒಂದು, ಭಯದಲ್ಲಿ. ಪೂಜೆ ತಪ್ಪಿಸಿದರೆ ದೇವರು ಏನೋ ಮಾಡುತ್ತಾರೆ ಎಂದು ಹೆದರಿ ಹೋಗುವ ಮಗು, ಆ ಹೆದರಿಕೆ ಬಿಟ್ಟ ದಿನ ಪೂಜೆಯನ್ನೂ ಬಿಡುತ್ತದೆ. ಧರ್ಮಸಭೆಯ ಬೋಧನೆಯೇ ಕಾಯಿಲೆ ಬಿದ್ದವರಿಗೆ, ಹಸುಗೂಸು ನೋಡಿಕೊಳ್ಳುವವರಿಗೆ ಭಾನುವಾರದ ಕಡ್ಡಾಯದಿಂದ ವಿನಾಯಿತಿ ಇದೆ ಎನ್ನುವಾಗ, ಆ ಬಾಗಿಲಲ್ಲಿ ಭಯವನ್ನು ನಿಲ್ಲಿಸುವುದು ಯಾಕೆ? ಇನ್ನೊಂದು, ನಾವು ಕೇಳುವ ಪ್ರಶ್ನೆಯಲ್ಲಿ. "ಪೂಜೆಗೆ ಹೋದ್ಯಾ? ಜಪ ಹೇಳಿದ್ಯಾ?" ಇಷ್ಟೇ ಕೇಳುತ್ತೇವೆ. ಇವತ್ತಿನ ವಾಚನ ಏನಿತ್ತು, ಅದರಲ್ಲಿ ನಿನಗೆ ಒಪ್ಪದ್ದು ಏನು, ಯಾರಿಗಾಗಿ ಪ್ರಾರ್ಥಿಸಿದೆ ಎಂದು ಕೇಳುವವರು ಕಡಿಮೆ. ನನ್ನ ಆ ಮೂರು ಪಾಪಗಳ ಪಟ್ಟಿಯನ್ನು ಒಬ್ಬ ವಯಸ್ಸಾದ ಗುರುಗಳು ಒಮ್ಮೆ ಪೂರ್ತಿ ಕೇಳಿ, "ಸರಿ ಮಗು, ಈಗ ಈ ವಾರ ನಿನಗೆ ನಿಜವಾಗಿ ಬೇಜಾರಾಗಿದ್ದು ಏನು ಹೇಳು" ಎಂದರು. ನನಗೆ ಏನೂ ತೋಚಲಿಲ್ಲ. ಆಮೇಲೆ ಒಬ್ಬ ಗೆಳೆಯನನ್ನು ಎಲ್ಲರ ಮುಂದೆ ಅವಮಾನಿಸಿದ್ದು ಹೊರಗೆ ಬಂತು, ಅಳುವೂ ಬಂತು. ನಾನು ಮಾಡಿದ ಮೊದಲ ಪಾಪನಿವೇದನೆ ಅದೇ ಎಂದು ಇವತ್ತಿಗೂ ಎಣಿಸುತ್ತೇನೆ.

ಜ್ಞಾನಸ್ನಾನದ ಕೃಪೆಯನ್ನು ಗಟ್ಟಿಗೊಳಿಸುವ ದೃಢೀಕರಣ ಸಂಸ್ಕಾರವನ್ನೂ ಇಲ್ಲಿ ನೆನೆಯಬೇಕು. ಹದಿಹರೆಯದಲ್ಲಿ ಅದನ್ನು ಕೊಡುವ ಕಡೆ ಅದು ಪದವಿ ಪ್ರದಾನದ ಹಾಗೆ ಆಗಿಬಿಟ್ಟಿದೆ. ಮುಗಿಯಿತು, ಇನ್ನು ಕ್ಲಾಸಿಗೆ ಬರಬೇಕಿಲ್ಲ. ಜ್ಞಾನಸ್ನಾನದ ಕೃಪೆ ಉಚಿತ ಕೊಡುಗೆ, ಅದು ಫಲಿಸಲು ನಾವು ಆಮೇಲೆ ಸಹಿ ಹಾಕಬೇಕಿಲ್ಲ ಎಂದು ಧರ್ಮೋಪದೇಶ ಗ್ರಂಥ ಎಚ್ಚರಿಸುತ್ತದೆ. ಒಪ್ಪುತ್ತೇನೆ. ಆದರೂ ಮನುಷ್ಯನಿಗೆ ಎಲ್ಲೋ ಒಂದು ಕಡೆ ತನ್ನ ಬಾಯಿಂದ ತಾನೇ "ಹೌದು" ಅನ್ನಬೇಕಾಗುತ್ತದೆ. ಅದು ಯಾವ ವಯಸ್ಸಿಗೆ ಎಂದು ಯಾವ ಕಾನೂನೂ ಹೇಳಲಾರದು.

ಅದಕ್ಕೆ ಧರ್ಮಸಭೆ ಪ್ರತಿ ವರ್ಷ ಅವಕಾಶ ಕೊಡುತ್ತದೆ. ಈಸ್ಟರ್ ಜಾಗರಣೆಯ ರಾತ್ರಿ ಎಲ್ಲರೂ ಉರಿಯುವ ಮೇಣದಬತ್ತಿ ಹಿಡಿದು ನಿಲ್ಲುತ್ತಾರೆ. ಹಿಂದೆ ನಮ್ಮ ಪರವಾಗಿ ಬೇರೆಯವರು ಉತ್ತರಿಸಿದ ಅದೇ ಪ್ರಶ್ನೆಗಳನ್ನು ಗುರುಗಳು ಈಗ ನಮಗೆ ಕೇಳುತ್ತಾರೆ. ಸೈತಾನನನ್ನು ತ್ಯಜಿಸುವಿರಾ? ಪಿತನನ್ನು ವಿಶ್ವಾಸಿಸುವಿರಾ? ಪುತ್ರನನ್ನು? ಪವಿತ್ರಾತ್ಮರನ್ನು, ಧರ್ಮಸಭೆಯನ್ನು, ಪಾಪಕ್ಷಮೆಯನ್ನು, ದೇಹದ ಪುನರುತ್ಥಾನವನ್ನು, ನಿತ್ಯಜೀವವನ್ನು? ಉತ್ತರ ಬಹುವಚನದಲ್ಲಿ ಇಲ್ಲ. "ನಾನು ವಿಶ್ವಾಸಿಸುತ್ತೇನೆ" ಎಂದು ಒಬ್ಬೊಬ್ಬರೂ ಹೇಳಬೇಕು.

ಅಪ್ಪ ತೀರಿಕೊಂಡ ವರ್ಷ ನಾನು ಆ ಸಾಲಿನಲ್ಲಿ ಅಮ್ಮನ ಪಕ್ಕ ನಿಂತಿದ್ದೆ. ಮೇಣ ಕರಗಿ ಕಾಗದದ ಬಿಲ್ಲೆ ದಾಟಿ ಬೆರಳ ಮೇಲೆ ಇಳಿಯುತ್ತಿತ್ತು. ಮೊದಲ ಪ್ರಶ್ನೆಗಳಿಗೆ ಎಂದಿನಂತೆ ಉತ್ತರ ಬಂತು. "ದೇಹದ ಪುನರುತ್ಥಾನ" ಎಂದಾಗ ಬಾಯಿ ಕಟ್ಟಿತು. ಇಪ್ಪತ್ತಕ್ಕೂ ಹೆಚ್ಚು ಸಲ ಹೇಳಿದ್ದ ಮಾತು, ಆ ರಾತ್ರಿ ಅದಕ್ಕೆ ಅಪ್ಪನ ಮುಖ ಇತ್ತು. ಸುತ್ತ ಎಲ್ಲರೂ "ವಿಶ್ವಾಸಿಸುತ್ತೇನೆ" ಎಂದರು, ನಾನು ಹೇಳಲಿಲ್ಲ. ಪಕ್ಕದಲ್ಲಿ ಅಮ್ಮ ಹೇಳಿದ್ದು ಕೇಳಿಸಿತು, ಉಳಿದವರಿಗಿಂತ ಸ್ವಲ್ಪ ತಡವಾಗಿ. ಮನೆಗೆ ಬರುವಾಗ, "ಅಮ್ಮಾ, ನಿನಗೆ ಹೇಳೋಕೆ ಆಯ್ತಾ?" ಎಂದು ಕೇಳಿದೆ. "ಕಷ್ಟ ಆಯ್ತು" ಎಂದರು, ಅಷ್ಟೇ. ಮುಂದಿನ ಭಾನುವಾರ ಇಬ್ಬರೂ ಎಂದಿನಂತೆ ಪೂಜೆಗೆ ಹೋದೆವು. ಆ ಉತ್ತರ ನನ್ನ ಬಾಯಲ್ಲಿ ಬರಲು ಇನ್ನೂ ಎರಡು ಈಸ್ಟರ್ ಬೇಕಾಯಿತು.